ವಿಚಾರಿಸಲು ಬಂದವನು

ತ್ರಿಪುರಸುಂದರಿಯ ಅಂಗವಿಕಲರ ಪಿಂಚಣಿ ನಿಂತುಹೋಗಿತ್ತು. ತಾಲ್ಲೂಕು ಕಚೇರಿಯವರು ಕೊಟ್ಟ ಕಾರಣ ಇಷ್ಟೇ: ಆಕೆ ಯಾರ ನೆರವೂ ಇಲ್ಲದೆ ಓಡಾಡುತ್ತಾರೆಂದು ಬೀದಿಯವರೇ ಹೇಳಿದ್ದಾರೆ.

ಹುಟ್ಟಿದಾಗಿನಿಂದ ಎರಡೂ ಕಾಲಿಗೆ ಬಲವಿಲ್ಲದವಳು ಅವಳು. ಊರುಗೋಲಿಲ್ಲದೆ ಹೊಸಿಲು ದಾಟಿದ್ದೇ ಇಲ್ಲ. ಆ ಹಣದಲ್ಲೇ ಚಾಮರಾಜಪೇಟೆಯಿಂದ ಶಂಕರಪುರದ ಕಸೂತಿ ತರಗತಿಗೆ ಆಟೋ ಹಿಡಿಯುತ್ತಿದ್ದಳು. ಅದಿಲ್ಲದಿದ್ದರೆ ಕಲಿಕೆಯೂ ಇಲ್ಲ. ಮೇಲ್ಮನವಿ ಹಾಕಿದ್ದಳು, ಸೋಮವಾರ ವಿಚಾರಣೆಯಿತ್ತು. ಆದರೂ ಸಿಟ್ಟಿಗಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದುದು ಕುತೂಹಲ. ತಾನು ಓಡಾಡಿದ್ದನ್ನು ಕಂಡ ಪುಣ್ಯಾತ್ಮರು ಯಾರು? ತಾನೇ ಕಂಡಿಲ್ಲವಲ್ಲ!

ಹೂವು ಮಾರುವ ಮುನಿಯಕ್ಕನನ್ನು ಕೇಳಿದಳು.

"ಫೈಲ್ ಹಿಡ್ಕೊಂಡೋನೊಬ್ಬ ಬಂದಿದ್ದ ಕಣವ್ವ. ಪಾರ್ವತಮ್ಮೋರು ಜಗುಲೀಲಿ ಕೂರ್ಸಿ ಕಾಫಿ ಕೊಟ್ರು."

ಎದುರು ಮನೆಯ ಪಾರ್ವತಮ್ಮ ಮಾಗಡಿ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದವರು. ಬೀದಿಯ ಎಷ್ಟೋ ಮದುವೆಗಳನ್ನು ಕುದುರಿಸಿದ ಬಾಯಿ ಅವರದು. ಜಗುಲಿಯಲ್ಲಿ ಅವರೇಕಾಯಿ ಸುಲಿಯುತ್ತಿದ್ದವರನ್ನು ಆ ಫೈಲಿನವನ ಬಗ್ಗೆ ಕೇಳಿದಳು.

"ಅವನಾ! ಗಂಡಿನ ಕಡೆಯೋನಲ್ವೇನೇ? ಹುಡುಗಿ ಹೆಂಗಿದಾಳೆ, ಮನೆಗೆಲಸ ಮಾಡ್ಕೋತಾಳಾ ಅಂತ ಕೇಳ್ದ. ಗುಟ್ಟಾಗಿ ವಿಚಾರ್ಸೋರು ಇನ್ನೇನ್ ಕೇಳ್ತಾರೆ?"

"ನೀವೇನಂದ್ರಿ?"

"ಜಿಂಕೆ ಮರಿ ಅಂದೆ."

ತ್ರಿಪುರಸುಂದರಿಗೆ ನಗು ತಡೆಯಲಾಗಲಿಲ್ಲ. "ಜಿಂಕೇನಾ?"

"ಮನೆಗೇ ಹೋಗಿ ನೋಡ್ತೀನಿ ಅಂತ ಎದ್ದ. ಮಂಗಳವಾರ ಬೇಡ, ಒಳ್ಳೇ ದಿನ ನೋಡ್ಕೊಂಡ್ ಬಾಪ್ಪ ಅಂದೆ. ಮಿಕಮಿಕ ನೋಡ್ತಾ ಹೋದ."

"ಅವನು ಪಿಂಚಣಿಯೋನು ಪಾರ್ವತಮ್ಮ."

ಅವರೇಕಾಯಿ ಹಿಡಿದ ಕೈ ಹಾಗೇ ನಿಂತಿತು. "ಅಯ್ಯೋ ಶಿವನೇ! ನಾನೇನ್ ಕನಸು ಕಂಡಿದ್ನಾ? ಸಂತೇಲಿ ಹಸು ಮಾರೋರು ಕುಂಟು ಅಂತ ಮೊದ್ಲೇ ಹೇಳ್ತಾರಾ?"

"ನಾನು ಹಸೂನಾ?"

ಪಾರ್ವತಮ್ಮ ಮತ್ತೆ ಅವರೇಕಾಯಿಗೆ ಕೈ ಹಾಕಿದರು.

"ಸೋಮವಾರ ಬಂದು ಸಾಹೇಬರ ಮುಂದೆ ನಿಜ ಹೇಳ್ತೀರಾ?"

"ನನ್ ಮಾತು ನಂಬಿ ಹೆಣ್ಣು ಕೊಟ್ಟೋರಿದಾರೆ ಕಣೇ. ಸುಳ್ಳಿ ಅನ್ನಿಸ್ಕೊಂಡ್ರೆ ಯಾರ್ ಬರ್ತಾರೆ ನನ್ ಜಗುಲಿಗೆ?" ಎಂದು ಅವರೇಕಾಯಿ ಎತ್ತಿಕೊಂಡು ಒಳಗೆ ಹೋದರು.

ಆದರೆ ಸೋಮವಾರ ಆಟೋ ಬಂದು ನಿಂತಾಗ, ಮಡಿಕೆಯ ಗೆರೆಯೂ ಮಾಸದ ರೇಷ್ಮೆ ಸೀರೆಯುಟ್ಟು ಅವರೇ ಮೊದಲು ಹತ್ತಿ ಕೂತಿದ್ದರು.

ಕಚೇರಿಯಲ್ಲಿ ಅವರು ಹೇಳಿದ್ದನ್ನೆಲ್ಲ ಅಧಿಕಾರಿ ಕೇಳಿಸಿಕೊಂಡರು. "ಅವತ್ತು ಸುಳ್ಳು ಹೇಳಿದ್ರೆ, ಇವತ್ತಿಂದು ನಿಜ ಅಂತ ಹೇಗಮ್ಮ ನಂಬ್ಲಿ?"

"ಇವತ್ತು ನೀವು ಗಂಡಿನ ಕಡೆಯೋರಲ್ವಲ್ಲ ಸ್ವಾಮಿ."

ಪಕ್ಕದ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿ, ಅಂದು ಬಂದಿದ್ದ ಗುಮಾಸ್ತ ಸ್ವರೂಪನತ್ತ ತಿರುಗಿದರು. "ನೀವು ಇವರನ್ನ ಕಣ್ಣಾರೆ ನೋಡಿದ್ರೇನ್ರೀ?"

"ಒಳ್ಳೇ ದಿನ ನೋಡ್ಕೊಂಡ್ ಬಾ ಅಂದ್ರು ಸಾರ್. ಯಾಕೆ ಅಂತ ನಂಗೂ ತಿಳೀಲಿಲ್ಲ."

"ಇವತ್ತು ನೋಡಿ."

ಸ್ವರೂಪ್ ಊರುಗೋಲುಗಳನ್ನು ನೋಡಿದ, ಕಾಲುಗಳನ್ನು ನೋಡಿದ, ಬೆವರು ಒರೆಸಿಕೊಂಡ. ಪಿಂಚಣಿ ಮತ್ತೆ ಶುರು ಮಾಡುವಂತೆ ಆದೇಶವಾಯಿತು.

ಹೊರಗೆ ಬಂದಾಗ ತ್ರಿಪುರಸುಂದರಿ ಕೇಳಿದಳು: "ನಿಜವಾಗ್ಲೂ ಗಂಡಿನ ಕಡೆಯೋನೇ ಆಗಿದ್ರೆ? ನನ್ನ ನೋಡಿದ್ ದಿನ ಅವನೇನಂತಿದ್ದ?"

"ಅಷ್ಟು ದೂರ ಯೋಚ್ನೆ ಮಾಡಿರ್ಲಿಲ್ಲ ಕಣೇ."

"ಇನ್ಮೇಲೆ ಯಾರೇ ಕೇಳಲಿ, ಕಾಲಿನ ವಿಷಯಾನೇ ಮೊದ್ಲು ಹೇಳಿ."

ಪಾರ್ವತಮ್ಮ ರಸ್ತೆಯ ಆಚೆ ನಿಂತಿದ್ದ ಆಟೋದವನಿಗೆ ಕೈ ಬೀಸಿ, ಇಡೀ ರಸ್ತೆಗೆ ಕೇಳುವಂತೆ ಕೂಗಿದರು: "ಏನಪ್ಪಾ, ಗಾಡಿ ಇಲ್ಲೇ ತಗೊಂಬಾ! ನಮ್ಮ ಹುಡುಗಿ ಊರುಗೋಲಲ್ಲಿ ನಡೀತಾಳೆ!"