ಹೂವಿನ ಲಾರಿ

“ಕೈಗೆ ಲಕ್ವ ಹೊಡೆದಿದೆಯೇನ್ರೋ? ಬಿಗಿಯಾಗಿ ಕಟ್ರೋ ಹೂನ, ಬೋಳಿಮಕ್ಳಾ. ದಾರೀಲಿ ಉದುರಿದ್ರೆ ನನ್ನ ಮಾನ ಹೋಗುತ್ತೆ.”

ಧಣಿಗೆ ಮಾನ ಬೇರೆ ಇತ್ತು. ಆಸ್ಪತ್ರೆಯ ಅಂಗಳದಲ್ಲಿ ಅವನ ಮರಳು ಲಾರಿಗೆ ನಾವು, ಲೋಡು ತುಂಬುವ ಆಳುಗಳು, ಹೂವು ಕಟ್ಟುತ್ತಿದ್ದೆವು. ಆಸ್ಪತ್ರೆಯೊಳಗೆ ಎರಡು ಶವಪೆಟ್ಟಿಗೆಗಳಿದ್ದವು. ಒಂದರಲ್ಲಿ ಪಕ್ಕದೂರಿನ ಮುಖ್ಯಪೇದೆ. ಇನ್ನೊಂದರಲ್ಲಿ ನನ್ನ ಅಕ್ಕನ ಮಗ, ನಮ್ಮ ಕೇರಿಯಿಂದ ಪೊಲೀಸಾದ ಮೊದಲನೆಯವನು. ಕಳ್ಳ ಮರಳಿನ ಲಾರಿಗೆ ಸೇತುವೆಯ ಮೇಲೆ ಇಬ್ಬರೂ ಕೈ ಅಡ್ಡ ಹಿಡಿದಿದ್ದರು. ಲಾರಿ ನಿಲ್ಲಲಿಲ್ಲ, ಆಮೇಲೆ ಸಿಗಲೂ ಇಲ್ಲ. ಅದು ತನ್ನದಲ್ಲ ಎಂದು ಧಣಿ ಆಣೆ ಮಾಡಿದ್ದ. ಅವನದೇ ಎಂದು ನಮಗೆಲ್ಲ ಗೊತ್ತು. ಕೂಲಿ ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಈಗ ಮೆರವಣಿಗೆಗೆ ಇನ್ನೊಂದು ಲಾರಿ ಪುಕ್ಕಟೆ ಕೊಟ್ಟು ಪುಣ್ಯವಂತನೂ ಆಗಿದ್ದ. ಥೂ.

ಹುಡುಗ ಕೆಲಸಕ್ಕೆ ಸೇರಿದ ದಿನ ರೇಗಿಸಿದ್ದೆ: “ಮಾವನ ಮೇಲೇ ಲಾಠಿ ಬೀಸ್ತೀಯೇನೋ?”

“ಮೊದಲ ಏಟು ನಿಂಗೇ ಮಾವ,” ಎಂದು ನಕ್ಕಿದ್ದ.

ಅಕ್ಕ ಮೆಟ್ಟಿಲ ಮೇಲೆ ಕುಳಿತಿದ್ದಳು. ಬೆಳಗಾದರೆ ‘ಏಯ್ ಮುದುಕಿ’ ಎಂದು ಬುಟ್ಟಿ ಹೊರಿಸುತ್ತಿದ್ದ ಧಣಿ, ಟೀವಿಯವರ ಕ್ಯಾಮೆರಾ ಕಂಡವನೇ ಅವಳ ಮುಂದೆ ಕೈಮುಗಿದ. “ತಾಯಿ, ನಿಮ್ಮ ಮಗ ಇಡೀ ಊರಿಗೇ ಮಗ.”



“ಬೇಗ ಆಗ್ಲಿ. ಮಂತ್ರಿಗಳು ಸ್ಮಶಾನದಲ್ಲಿ ಕಾಯ್ತಿದ್ದಾರೆ,” ಎಂದರು ಪೊಲೀಸ್ ಸಾಹೇಬರು.

“ಎತ್ರೋ, ಲಾರಿಗೆ ಹಾಕ್ರೋ,” ಎಂದ ಧಣಿ, ದಿನಾ ಅನ್ನುವ ಹಾಗೆಯೇ.

ಎತ್ತಿದೆವು. ಭಾರ ಎತ್ತುವಾಗ ಹಾಕುವ ‘ಐಸಾ’ ಕೂಗು ಯಾರ ಗಂಟಲಿಂದಲೂ ಹೊರಡಲಿಲ್ಲ. ಅಕ್ಕ ಎದ್ದು ಬಂದು ಲಾರಿಗೂ ನಮಗೂ ನಡುವೆ ನಿಂತಳು.

“ಇದಕ್ಕೆ ಹತ್ತಿಸ್ಬೇಡ ತಮ್ಮಾ.”

“ಯಾಕೆ ತಾಯಿ?” ಧಣಿ ಹಲ್ಲು ಕಿರಿದ.

“ಸಾಯಿಸಿದ್ದೂ ನಿನ್ನ ಲಾರಿನೇ. ಅವತ್ತು ಸಂಜೆ ಅದಕ್ಕೆ ಮರಳು ತುಂಬಿದ್ದು ನಾನು. ಹೊಳೆ ದಂಡೇಲಿ ನಿಂತು ಕಳಿಸ್ದೋನು ನೀನು. ನನ್ನ ಕೈಯಿಂದ ತುಂಬಿಸಿ ನನ್ನ ಮಗನ ಮೇಲೇ ಹರಿಸಿದ್ಯಲ್ಲೋ, ಹಾಳಾದವ್ನೇ.”

ಧಣಿಯ ಮುಖ ಬಿಳಿಚಿತು. “ತಲೆ ಕೆಟ್ಟಿದೆ ಮುದುಕಿಗೆ. ಆಚೆ ಎಳ್ಕೊಂಡು ಹೋಗ್ರೋ. ಇಲ್ದಿದ್ರೆ ನಾಳೆಯಿಂದ ಒಬ್ಬನಿಗೂ ಕೆಲಸ ಇಲ್ಲ.”

ಕೆಲಸ ಹೋದರೆ ಒಲೆ ಉರಿಯುವುದಿಲ್ಲ. ಆದರೂ ಯಾರೂ ಕದಲಲಿಲ್ಲ. ಮುಖ್ಯಪೇದೆಯ ಹೆಂಡತಿ ಬಂದು ಅಕ್ಕನ ಕೈ ಹಿಡಿದಳು. “ನಮ್ಮೋರನ್ನೂ ಹೊತ್ಕೊಳ್ಳಿ ಅಣ್ಣಾ.”

ಹೆಗಲ ಮೇಲೆ ಹೊತ್ತು ಗೇಟು ದಾಟಿದೆವು. ಸ್ಮಶಾನ ಎಡಕ್ಕಿತ್ತು, ಅಕ್ಕ ಬಲಕ್ಕೆ, ಠಾಣೆಯ ಕಡೆಗೆ ತಿರುಗಿದಳು. ಗೇಟಿನ ಹೊರಗೆ ಅಳುತ್ತಾ ಕಾದಿದ್ದ ಊರೆಲ್ಲ ಅವಳ ಹಿಂದೆ ತಿರುಗಿತು. ಸಾಹೇಬರು ಕೂಗುತ್ತಲೇ ಇದ್ದರು.

ಠಾಣೆಯ ಜಗಲಿಯಲ್ಲಿ ಪೆಟ್ಟಿಗೆಗಳನ್ನು ಇಳಿಸಿದೆವು. ಮೇಜಿನ ಹಿಂದಿದ್ದ ಪೇದೆ ನಮ್ಮ ಹುಡುಗನ ಜೊತೆ ಒಂದೇ ರೂಮಿನಲ್ಲಿ ಇದ್ದವನು. ಅತ್ತು ಅತ್ತು ಅವನ ಕಣ್ಣುಗಳು ಊದಿದ್ದವು.

“ಬರ್ಕೋ ಮಗಾ,” ಎಂದಳು ಅಕ್ಕ. “ಆ ಲಾರಿ ಯಾರದ್ದು ಅಂತ ನಾನು ಹೇಳ್ತೀನಿ.”

ಅವನು ಪೆನ್ನು ತೆಗೆದ. ಅಷ್ಟರಲ್ಲಿ ಏದುಸಿರು ಬಿಡುತ್ತಾ ಸಾಹೇಬರು ಬಾಗಿಲಿಗೆ ಬಂದರು. “ಏಯ್, ಪೆನ್ನು ಕೆಳಗಿಡು.”

ಪೇದೆ ಅವರ ಮುಖ ನೋಡಿದ. ಜಗಲಿಯ ಮೇಲಿದ್ದ ಪೆಟ್ಟಿಗೆ ನೋಡಿದ.

“ಮೊದಲು ನಿಮ್ಮ ಹೆಸರು ಹೇಳಮ್ಮಾ,” ಎಂದ.