ರೆಕ್ಕೆಯ ಹೊಲಿಗೆ

ವಿಮಾನದ ರೆಕ್ಕೆ ಮನೆಯೊಳಗೆ ಬಂದ ದಿನವೇ ಟೈಲರಕ್ಕನ ಹೊಲಿಗೆ ಯಂತ್ರ ನಡುಮನೆಯ ಕಿಟಕಿ ಬಿಟ್ಟು ಬಚ್ಚಲಿಗೆ ಹೋಗುವ ಪ್ಯಾಸೇಜಿಗೆ ಹೋಯಿತು. "ಒಂದು ವಾರ ಅಷ್ಟೇ, ಅಡ್ಜಸ್ಟ್ ಮಾಡ್ಕೋ," ಎಂದಿದ್ದ ಗಂಡ. ಅವನು ಲಿಫ್ಟ್ ರಿಪೇರಿಯವನು. ಜೀವನವಿಡೀ ಬರೀ ಮೇಲಕ್ಕೂ ಕೆಳಕ್ಕೂ ಓಡಾಡಿ ಸಾಕಾಗಿತ್ತೋ ಏನೋ, ಅಡ್ಡಡ್ಡ ಹಾರುವ ಹುಚ್ಚು ಹತ್ತಿತ್ತು. ಬಿಡಿಭಾಗಗಳ ಪೆಟ್ಟಿಗೆ ತರಿಸಿ ಮನೆಯಲ್ಲೇ ವಿಮಾನ ಜೋಡಿಸಲು ಕೂತಿದ್ದ. ಆ ಒಂದು ವಾರ ಎಳೆದೂ ಎಳೆದೂ ಮೂರು ವರ್ಷವಾಯಿತು.

ಪ್ಯಾಸೇಜಿನಲ್ಲಿ ಬೆಳಕಿಲ್ಲ. ಒಂದು ದಿನ ಕಡುನೀಲಿ ಕೋಟಿಗೆ ಕಪ್ಪು ದಾರ ಹಾಕಿ ಹೊಲಿದುಬಿಟ್ಟಳು. "ನಿಮ್ಮ ಕಣ್ಣು ಹೋಯ್ತು ಅಂತ ಕಾಣುತ್ತೆ ಅಕ್ಕಾ," ಎಂದು ಕೋಟಿನವಳು ಹೊರಟುಹೋದಳು. ಅವಳ ಹಿಂದೆ ಉಳಿದ ಗಿರಾಕಿಗಳೂ ಒಬ್ಬೊಬ್ಬರಾಗಿ ಜಾರಿಕೊಂಡರು. ಯಂತ್ರ ಕಿಟಕಿಗೆ ಬರಲಿ ಎಂದು ಎಷ್ಟು ಬಾಯಿ ನೋಯಿಸಿಕೊಂಡರೂ ಗಂಡನದು ಒಂದೇ ಉತ್ತರ: "ನಿಂದು ಹೊಲಿಗೆ ತಾನೇ? ಎಲ್ಲಿ ಕೂತ್ರೂ ಆಗುತ್ತೆ."

ಆ ಮಾತನ್ನು ಅವಳು ನುಂಗಲೂ ಇಲ್ಲ, ಉಗಿಯಲೂ ಇಲ್ಲ. ದವಡೆಯಲ್ಲಿಟ್ಟುಕೊಂಡು ಕಾದಳು.

ಅವನ ಕೆಲಸ ಕೆಟ್ಟಾಗಲೆಲ್ಲ ಅವಳಿಗೆ ಊಟ ರುಚಿಸುತ್ತಿತ್ತು. ವಿಮಾನದ ಬಾಲದ ಪಟ್ಟಿಗಳನ್ನು ತಲೆಕೆಳಗಾಗಿ ಅಂಟಿಸಿದ್ದು ಅವನಿಗೆ ಅಂಟೆಲ್ಲ ಒಣಗಿದ ಮೇಲೆ ಗೊತ್ತಾದ ದಿನ ಎರಡನೇ ಸಲ ಬಡಿಸಿಕೊಂಡಳು. ಕೊನೆಗೆ ಬಟ್ಟೆ ಹೊದಿಸುವ ಕೆಲಸ ಬಂತು. ಈ ವಿಮಾನಕ್ಕೆ ಬಟ್ಟೆಯೇ ಚರ್ಮ. ಚೌಕಟ್ಟಿಗೆ ಅಂಟಿಸಿ ಇಸ್ತ್ರಿ ಆಡಿಸಿದರೆ ಕುಗ್ಗಿ ಬಿಗಿಯಾಗುತ್ತದೆ. ಹೆಂಡತಿಯನ್ನು ಕೇಳಲು ಅವನಿಗೆ ಬಿಗುಮಾನ. ಇಸ್ತ್ರಿಯನ್ನು ಕೆಂಡದಂತೆ ಕಾಯಿಸಿ ಒತ್ತಿದ. ಬಟ್ಟೆ ಕುಗ್ಗಿದ ರಭಸಕ್ಕೆ ಬಾಲದ ಚೌಕಟ್ಟು ಬಾಳೆಹಣ್ಣಿನಂತೆ ಬಾಗಿತು.

"ಮನೇಲೇ ಟೈಲರ್ ಇದ್ದಾಳಲ್ಲೋ! ಕೇಳೋಕೆ ಬಾಯಿಗೇನು ಬೀಗ ಹಾಕಿದ್ಯಾ?" ಎಂದು ಅತ್ತೆ ಸೋಫಾದಿಂದಲೇ ಮಗನನ್ನು ಚುಚ್ಚಿದರು.

ಕೇಳಿದ. ಅವಳು ಒಂದೇ ಮಾತಿಗೆ ಒಪ್ಪಿಕೊಂಡಳು. ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೇ ಅವನು ಹೆದರಬೇಕಿತ್ತು.

ರೆಕ್ಕೆಯ ಬಟ್ಟೆ ಗಾಳಿಗೆ ಕಿತ್ತು ಬರದಂತೆ ಒಳಗಿನ ಪಕ್ಕೆಲುಬಿನಂಥ ಕಡ್ಡಿಗಳಿಗೆ ದಾರದಿಂದ ಕಟ್ಟಬೇಕು. ಅವಳು ಮೇಲಿನಿಂದ ಮೊಳದುದ್ದದ ಸೂಜಿ ಇಳಿಸುವಳು, ಕೆಳಗೆ ಅಂಗಾತ ಮಲಗಿದ ಅವನು ಅದನ್ನು ವಾಪಸ್ಸು ತಳ್ಳುವನು, ಅವಳು ಗಂಟು ಬಿಗಿಯುವಳು. ಒಂದೊಂದು ಸಾಲು ಮುಗಿದಂತೆ ಮೇಲೊಂದು ಪಟ್ಟಿ ಅಂಟಿಸಿ ಮುಚ್ಚುವುದು.

"ಪೂರ್ತಿ ನಾನೊಬ್ನೇ ಕಟ್ಟಿದ್ದು ಅಂದ್ರೆ ಜನ ನಂಬ್ತಾರಾ?" ಎಂದಿತು ಕೆಳಗಿನ ದನಿ.

ಅವಳ ಕೈ ನಿಂತಿತು. ಮುಂದಿನ ಗಂಟನ್ನು ಅರ್ಧಕ್ಕೇ ಬಿಟ್ಟಳು. ಪಟ್ಟಿ ಅಂಟಿಸಿದರೆ ಯಾರಪ್ಪನಿಗೂ ಗೊತ್ತಾಗದು. ಎದೆ ತಣ್ಣಗಾಯಿತು. ಆದರೆ ಅದರ ಬೆನ್ನಿಗೇ ಲೆಕ್ಕ ತಪ್ಪಿತೆನಿಸಿತು. ಇವನು ಬಿದ್ದು ಸತ್ತರೆ ಊರಿಗೆಲ್ಲ ಶೂರನಾಗಿಬಿಡುತ್ತಾನೆ. ಆಮೇಲೆ ಯಾರನ್ನು ಹಂಗಿಸುವುದು? ಯಾರನ್ನು ಕತ್ತಲಲ್ಲಿ ಕೂರಿಸುವುದು?

"ರೀ, ಸ್ವಲ್ಪ ಎದ್ದು ಬನ್ನಿ."

ಅವನು ಬಂದು ಬಗ್ಗಿದಾಗ ಉಗುರಿನಿಂದ ದಾರ ಎಳೆದಳು. ಗಂಟು ನಯವಾಗಿ ಬಿಚ್ಚಿಕೊಂಡಿತು.

"ಇದನ್ನ ಬೇಕು ಅಂತಲೇ ಹೀಗೆ ಹಾಕಿದ್ದೆ."

ಅಂಟಿಸಿ ಮುಚ್ಚಿದ್ದ ಸಾಲುಗಳತ್ತ ಅವನ ಕಣ್ಣು ಓಡಿತು. "ಇನ್ನೂ ಎಷ್ಟಿವೆ ಹೀಗೆ?"

"ಬಿಚ್ಚಿ ನೋಡ್ಕೊಳ್ಳಿ."

"ನಿಂಗೇನು ಬೇಕು ಹೇಳಿಬಿಡು!"

"ಕಿಟಕಿ."

ಸಂಜೆಯೊಳಗೆ ಯಂತ್ರ ಕಿಟಕಿಗೆ ಬಂತು. ರೆಕ್ಕೆಯನ್ನು ಪ್ಯಾಸೇಜಿನಲ್ಲಿ ನೆಟ್ಟಗೆ ನಿಲ್ಲಿಸಿ, ಗಂಡ ಅದರ ಪಕ್ಕ ಸ್ಟೂಲು ಹಾಕಿಕೊಂಡು ಪಟ್ಟಿ ಕಿತ್ತು, ಗಂಟು ಬಿಚ್ಚಿ, ಹೊಸದಾಗಿ ಕಟ್ಟತೊಡಗಿದ. ಬೆರಳಿಗೆ ಚುಚ್ಚಿಕೊಂಡು ಹಾ ಎಂದಾಗಲೆಲ್ಲ ಅವಳು ಪೆಡಲ್ಲನ್ನು ಜೋರಾಗಿ ತುಳಿದಳು. ಆಗಾಗ ಎದ್ದು ಹೋಗಿ ನೋಡಿ, "ಸಡಿಲ. ಬಿಚ್ಚಿ," ಎಂದು ಬಂದು ಕೂರುವಳು.

"ಸಾಕು ಬಿಡೇ, ಪಾಪ," ಎಂದರು ಅತ್ತೆ.

"ಕಲೀಲಿ ಅತ್ತೆ. ವಿದ್ಯೆ ತಾನೇ?"

"ನಿಜ ಹೇಳೇ," ಎಂದು ಗಂಡ ಅಲ್ಲಿಂದಲೇ ಗೋಗರೆದ, "ಆ ಒಂದು ಬಿಟ್ಟು ಬೇರೆಲ್ಲ ಸರಿಯಾಗೇ ಇತ್ತಲ್ವಾ?"

ಸರಿಯಾಗಿಯೇ ಇತ್ತು. ಆನೆ ಎಳೆದರೂ ಬಿಚ್ಚದಷ್ಟು ಬಿಗಿಯಾಗಿ ಒಂದೊಂದನ್ನೂ ಕಟ್ಟಿದ್ದಳು. ಹಲ್ಲಿನಿಂದ ದಾರ ಕಡಿದು, ಹೊಸ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ನೆನಪೇ ಬರ್ತಿಲ್ಲ ರೀ."