ಮುಷ್ಟಿಯೊಳಗಿನ ಬೀಗದ ಕೈ

ಸೋಸಲೆ ಬಿಟ್ಟ ಬಸ್ಸು ತಿ. ನರಸೀಪುರ ಮುಟ್ಟುವ ಮೊದಲೇ, ಬಾಗಿಲ ಬಳಿ ನಿಂತಿದ್ದ ಯುವಕನೊಬ್ಬ ದೊಪ್ಪನೆ ಬಿದ್ದು ಕೈಕಾಲು ಸೆಟೆದು ಒದ್ದಾಡತೊಡಗಿದ.

"ಫಿಟ್ಸ್ ಕಣ್ರೀ, ಕೈಗೆ ಕಬ್ಬುಣ ಕೊಡಿ!" ಎಂದು ಯಾರೋ ಕೂಗಿದ್ದೇ ತಡ, ನಾಲ್ಕೂ ಕಡೆಯಿಂದ ಬೀಗದ ಕೈಗಳು ಚಾಚಿಕೊಂಡವು. ಕಂಡಕ್ಟರ್ ಶಿವರಾಜು ಸೀಟಿ ಊದಿ ಬಸ್ಸು ನಿಲ್ಲಿಸಿ, ತನ್ನ ಬೈಕಿನ ಕೀ ಹಿಡಿದು ನುಗ್ಗಿದ. ಅವನಿಗೆ ಗೊತ್ತಿದ್ದ ಮದ್ದು ಅದೊಂದೇ.

ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಮಂಗಳಮ್ಮ ಅಡ್ಡ ಬಂದಳು. "ಕೀ ಜೇಬಲ್ಲಿ ಮಡಿಕ್ಕಳಿ ಸಾ, ವಾಚ್ ನೋಡಿ. ಐದು ನಿಮಿಷ ದಾಟುದ್ರೆ ನೂರೆಂಟಕ್ಕೆ ಫೋನ್ ಮಾಡಿ."

ಕೈಕಾಲು ಅದುಮಿ ಹಿಡಿದವರನ್ನು ಗದರಿ ಬಿಡಿಸಿದಳು. ಟವೆಲ್ಲು ಮಡಚಿ ಅವನ ತಲೆಯಡಿ ಇಟ್ಟು, ಕತ್ತಿನ ಗುಂಡಿ ಸಡಿಲಿಸಿ, ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದಳು. ಬಾಯಿಗೆ ನೀರು ಬಿಡಲು ಬಂದವರ ಬಾಟಲಿಯನ್ನು ಕಿತ್ತು ಪಕ್ಕಕ್ಕಿಟ್ಟಳು. ಒಬ್ಬಳೇ ಹೆಂಗಸು ಇಡೀ ಬಸ್ಸಿನ ಬಾಯಿ ಮುಚ್ಚಿಸಿದ್ದನ್ನು ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಶಿವರಾಜು ಕಂಡದ್ದು ಅದೇ ಮೊದಲು.

"ಎಲ್ ಕಲ್ತ್ರಮ್ಮ ಇದ್ನ?" ವಾಚಿನಿಂದ ಕಣ್ಣು ಕೀಳದೆಯೇ ಕೇಳಿದ.

"ನಮ್ ಕವನಂಗೂ ಬತ್ತದೆ ಸಾ. ಮಗ್ಳಿಗೋಸ್ಕರ ಡಾಕ್ಟ್ರತ್ರ ಕೇಳಿ ಕೇಳಿ ಕಲ್ತೆ."

ಮೂರನೇ ನಿಮಿಷಕ್ಕೆ ಒದ್ದಾಟ ನಿಂತಿತು. ಯುವಕನ ಉಸಿರು ಹದಕ್ಕೆ ಬಂತು. ಮಂಗಳಮ್ಮ ಅವನ ತಲೆ ನೇವರಿಸುತ್ತ ಅಲ್ಲೇ ಕೂತಳು.

"ಕಬ್ಬುಣ ಕೊಟ್ಟಿದ್ರೆ ಆಗ್ಲೇ ನಿಂತೋಗದು," ಎಂದು ಹಿಂದಿನ ಸೀಟಿನ ಹಿರಿಯರೊಬ್ಬರು ಗೊಣಗಿದರು.

ಅಷ್ಟರಲ್ಲಿ ಯುವಕನ ಬಿಗಿದ ಮುಷ್ಟಿ ಸಡಿಲವಾಯಿತು. ಒಳಗೆ ಅವನದೇ ಮನೆಯ ಬೀಗದ ಕೈ ಗೊಂಚಲು, ಬೀಳುವ ಮೊದಲಿನಿಂದಲೂ ಹಿಡಿದುಕೊಂಡಿದ್ದದ್ದು.